ಬ್ಯಾಂಡ್ ಲೀಡರ್ ಶಿಕ್ಷೆ ಕೊಡಬಹುದಾ?

ಏಳನೇ ಕ್ಲಾಸಿನ ನಿಮ್ಮ ಮಗಳು ಶಾಲೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುವಾಗ ತಪ್ಪಿದರೆ ಬ್ಯಾಂಡ್ ಲೀಡರ್ ಹುಡುಗಿ ಊಟಕ್ಕೂ ಬಿಡದೆ ಬಿಸಿಲಲ್ಲಿ ನಿಲ್ಲಿಸುತ್ತಾಳೆ ಎಂದಿದ್ದೀರಿ. ಓದಿ ತುಂಬಾ ಬೇಜಾರಾಯಿತು. ಲೀಡರ್ ಕೋಲು ಎತ್ತಿದಾಗ ಎಲ್ಲರೂ ಕೇಳಲೇಬೇಕು, ನಿಜ. ಇಲ್ಲದಿದ್ದರೆ ಬಾಸ್ ಡ್ರಮ್ಮಿನ ಪೆಟ್ಟಿಗೂ ಹೆಜ್ಜೆಗೂ ಹೊಂದುವುದಿಲ್ಲ. ಆದರೆ ಅವಳ ಅಧಿಕಾರ ಅಷ್ಟಕ್ಕೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ನಿಷೇಧ. ಟೀಚರೇ ಕೊಡುವಂತಿಲ್ಲ, ಇನ್ನು ಲೀಡರ್ ಕೊಡಬಹುದಾ?

ಮೊದಲು ಮಗಳೇ ಹೇಳಲಿ: “ಅಕ್ಕಾ, ಊಟ ಮಾಡಿ ಬರ್ತೀನಿ, ತಪ್ಪಿದ್ದನ್ನ ನಿಧಾನವಾಗಿ ತೋರಿಸಿಕೊಡಿ.” ಆಗಸ್ಟ್ 15 ಹತ್ತಿರ ಬಂದಾಗ ಲೀಡರ್ ಮೇಲೂ ಒತ್ತಡ ಜಾಸ್ತಿ ಇರುತ್ತೆ, ಕೆಲವೊಮ್ಮೆ ಇಷ್ಟೇ ಸಾಕಾಗುತ್ತದೆ. ಆಗಲೂ ಈ ಶಿಕ್ಷೆ ನಿಲ್ಲದಿದ್ದರೆ ಕಾಯಬೇಡಿ. ಯಾವ ದಿನ ಏನಾಯಿತು ಎಂದು ಬರೆದುಕೊಂಡು ಪಿ.ಟಿ. ಟೀಚರನ್ನು ನೀವೇ ಭೇಟಿಯಾಗಿ. ಪ್ರಾಕ್ಟೀಸಿಗೆ ಅವರೇ ಬಂದು ನಿಲ್ಲಲಿ ಎಂದು ಕೇಳಿ.