ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಉರಿ, ಒಣಗುವಿಕೆ, ರಾತ್ರಿಯ ಬೆವರು: ಲೈಂಗಿಕ ವೃತ್ತಿಯಲ್ಲಿರುವವರು ಏನು ಮಾಡಬಹುದು?

ನಿಮಗೆ 47 ವರ್ಷ, ಒಂದು ವರ್ಷದಿಂದ ಮುಟ್ಟು ಹಿಂದೆಮುಂದಾಗುತ್ತಿದೆ, ಗಿರಾಕಿಯ ಜೊತೆಗಿರುವಾಗ ಒಳಗೆ ಉರಿಯುತ್ತದೆ, ಒಮ್ಮೊಮ್ಮೆ ರಕ್ತದ ಕಲೆ ಕಾಣಿಸುತ್ತದೆ, ಔಷಧದ ಅಂಗಡಿಯವರು ಕೊಟ್ಟ ಮುಲಾಮಿನಿಂದ ಸ್ವಲ್ಪ ದಿನ ತಣ್ಣಗಾಗಿ ಮತ್ತೆ ಶುರುವಾಗುತ್ತದೆ, ರಾತ್ರಿ ಮೈಯೆಲ್ಲ ಬೆವರುತ್ತದೆ ಎಂದು ಬರೆದಿದ್ದೀರಿ. ಇದು ರೋಗವೋ ವಯಸ್ಸೋ, ವೃತ್ತಿಯನ್ನು ಮುಂದುವರಿಸಬಹುದೋ ಎಂಬುದು ನಿಮ್ಮ ಪ್ರಶ್ನೆ. ನಾನು ಬಾಗಲಕೋಟೆ ಕಡೆಯಿಂದ ಪುಣೆಯ ಬುಧವಾರ ಪೇಠೆಗೆ ಬಂದವಳು. ಇದೇ ವೃತ್ತಿಯಲ್ಲಿದ್ದುಕೊಂಡೇ ಮುಟ್ಟು ನಿಲ್ಲುವ ವಯಸ್ಸನ್ನು ದಾಟಿದ್ದೇನೆ. ಈಗ ನಮ್ಮ ಓಣಿಯ ಹೆಂಗಸರನ್ನು ತಪಾಸಣೆಗೆ ಕರೆದುಕೊಂಡು ಹೋಗುವ ಕೆಲಸವನ್ನೂ ಮಾಡುತ್ತೇನೆ. ನಾನು ವೈದ್ಯೆಯಲ್ಲ, ಆದರೆ ನೀವು ಹೇಳಿದ ಲಕ್ಷಣಗಳೆಲ್ಲ ನನಗೆ ಪರಿಚಿತ, ಮತ್ತು ಅವುಗಳಲ್ಲಿ ಹೆಚ್ಚಿನವು ಸೋಂಕಿನಿಂದಲ್ಲ, ಹಾರ್ಮೋನಿನ ಕೊರತೆಯಿಂದ ಬಂದಂತೆ ಕಾಣುತ್ತವೆ. ರಕ್ತ ಕಾಣಿಸಿರುವುದರಿಂದ ಒಮ್ಮೆ ಒಳಗಿನ ಪರೀಕ್ಷೆ ಮಾತ್ರ ಆಗಲೇಬೇಕು.

ನಮ್ಮ ದೇಶದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರ ಆಸುಪಾಸಿನಲ್ಲಿದೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ನಿಂತಿತೆಂದು ಲೆಕ್ಕ. ನಮ್ಮ ಕಡೆ ಮೂವತ್ತು ದಾಟುವ ಮೊದಲೇ ಗರ್ಭಚೀಲ ತೆಗೆಸಿಕೊಂಡು ಬಂದವರು ಬಹಳ ಮಂದಿ ಇದ್ದಾರೆ. ಅಂಡಾಶಯವನ್ನೂ ಜೊತೆಗೇ ತೆಗೆದಿದ್ದರೆ ಅವರಿಗೆ ಇದೆಲ್ಲ ಆ ವಯಸ್ಸಿನಲ್ಲೇ, ಒಮ್ಮೆಲೇ ಶುರುವಾಗಿರುತ್ತದೆ. ಈಸ್ಟ್ರೋಜನ್ ಹಾರ್ಮೋನು ಸಾಕಷ್ಟು ಇರುವವರೆಗೆ ಯೋನಿಯ ಒಳಪದರ ದಪ್ಪಗಿದ್ದು, ಒದ್ದೆಯಾಗಿದ್ದು, ಹಿಗ್ಗಿ ಕುಗ್ಗುವಂತಿರುತ್ತದೆ. ಆ ಪದರದಲ್ಲಿ ಸಂಗ್ರಹವಾಗುವ ಗ್ಲೈಕೋಜನ್ ಎಂಬ ಸಕ್ಕರೆಯನ್ನು ಬಳಸಿಕೊಂಡು ಲ್ಯಾಕ್ಟೊಬ್ಯಾಸಿಲಸ್ ಎಂಬ ಸೂಕ್ಷ್ಮಾಣುಗಳು ಆಮ್ಲ ತಯಾರಿಸುತ್ತವೆ, ಪಿಎಚ್ (ಆಮ್ಲದ ಅಳತೆ, ಆಮ್ಲ ಹೆಚ್ಚಿದಷ್ಟೂ ಈ ಅಂಕಿ ಕಡಿಮೆ) 3.8ರಿಂದ 4.5ರೊಳಗೆ ಉಳಿಯುವುದು ಅದರಿಂದಲೇ, ಬೇರೆ ರೋಗಾಣುಗಳು ಅಲ್ಲಿ ಸುಲಭವಾಗಿ ಬೆಳೆಯದಿರುವುದೂ ಅದರಿಂದಲೇ. ಹಾರ್ಮೋನು ಇಳಿದಾಗ ಪದರ ತೆಳುವಾಗುತ್ತದೆ, ಆಮ್ಲ ಕಡಿಮೆಯಾಗುತ್ತದೆ, ಪಿಎಚ್ 5ನ್ನು ದಾಟುತ್ತದೆ. ಮೈ ಬಿಸಿಯೇರುವುದು ಕೆಲವು ವರ್ಷಗಳಲ್ಲಿ ತಾನಾಗಿ ತಗ್ಗುತ್ತದೆ. ಒಣಗುವಿಕೆ ಮಾತ್ರ ಚಿಕಿತ್ಸೆ ಇಲ್ಲದೆ ತಗ್ಗುವುದಿಲ್ಲ, ವರ್ಷ ಕಳೆದಂತೆ ಹೆಚ್ಚಾಗುತ್ತದೆ. ಆದ್ದರಿಂದ ಸಹಿಸಿಕೊಂಡು ಕಾಯುವುದರಲ್ಲಿ ಅರ್ಥವಿಲ್ಲ.

ನಮ್ಮ ವೃತ್ತಿಯವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಉರಿ ಎಂದು ಹೇಳಿದ ಕೂಡಲೇ, ವೃತ್ತಿ ಗೊತ್ತಿರುವವರು ಮೊದಲು ಯೋಚಿಸುವುದು ಗುಪ್ತರೋಗವನ್ನೇ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಲಕ್ಷಣ ನೋಡಿ ಕೊಡುವ ಬಣ್ಣಬಣ್ಣದ ಕಿಟ್‌ಗಳಿವೆ. ಬಿಳಿಸೆರಗಿಗೆ ಕೊಡುವುದು ಹಸಿರು ಬಣ್ಣದ 2ನೇ ಕಿಟ್, ಅದರಲ್ಲಿ ಸೆಕ್ನಿಡಜೋಲ್ 2 ಗ್ರಾಂ ಮತ್ತು ಫ್ಲುಕೊನಜೋಲ್ 150 ಮಿಲಿಗ್ರಾಂ ಇರುತ್ತದೆ. ಸೋಂಕು ಇದ್ದವರಿಗೆ ಅದು ಒಳ್ಳೆಯ ಔಷಧ. ಆದರೆ ಸೆರಗೇ ಇಲ್ಲದೆ ಒಣಗಿ ಉರಿಯುವ ಹೆಂಗಸಿಗೆ ಅದೇ ಹಸಿರು ಕಿಟ್ಟನ್ನು ಮೇಲಿಂದ ಮೇಲೆ ನುಂಗಿಸಿದರೆ ಉರಿ ಹೋಗುವುದಿಲ್ಲ. ‘ನನಗೇನೋ ದೊಡ್ಡ ರೋಗ ಹತ್ತಿದೆ’ ಎಂಬ ಭಯ ಮಾತ್ರ ಉಳಿಯುತ್ತದೆ. ಹೀಗೆ ಹೆದರಿ ತಪಾಸಣೆಗೆ ಬರುವುದನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಸೆರಗು ಹಳದಿ ಅಥವಾ ಹಸಿರಾಗಿದ್ದರೆ, ಮೀನಿನ ವಾಸನೆ ಬಂದರೆ, ಹುಣ್ಣು, ಜ್ವರ, ಕೆಳಹೊಟ್ಟೆಯ ನೋವು ಇದ್ದರೆ ಅದನ್ನು ಸೋಂಕೆಂದೇ ಎಣಿಸಿ ತಡಮಾಡದೆ ಹೋಗಬೇಕು. ಸೆರಗು ಮೊದಲಿಗಿಂತ ಕಡಿಮೆಯಾಗಿ, ಒಳಸೇರುವಾಗಲೇ ಕತ್ತರಿಸಿದಂತೆ ನೋವಾಗಿ, ಆಮೇಲೆ ಮೂತ್ರ ಮಾಡುವಾಗ ಚುರುಗುಟ್ಟಿದರೆ ಒಣಗುವಿಕೆಯ ಸಾಧ್ಯತೆ ಹೆಚ್ಚು. ಎರಡೂ ಒಟ್ಟಿಗೆ ಇರಬಹುದಾದ್ದರಿಂದ ಮೂರು ತಿಂಗಳಿಗೊಮ್ಮೆಯ ತಪಾಸಣೆಯನ್ನೂ ಆರು ತಿಂಗಳಿಗೊಮ್ಮೆಯ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಯನ್ನೂ ಬಿಡಬೇಡಿ. ಮುಟ್ಟು ನಿಂತ ಮೇಲೆ ಶಿಲೀಂಧ್ರದ ತುರಿಕೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆಗಲೂ ಅದು ಪದೇಪದೇ ಬರುತ್ತಿದ್ದರೆ ರಕ್ತದ ಸಕ್ಕರೆ ನೋಡಿಸಿ.

ಅಂಗಡಿಯವರು ಕೊಟ್ಟ ಮುಲಾಮಿನ ಕೊಳವೆಯ ಮೇಲೆ ಏನು ಬರೆದಿದೆ ಎಂದು ಯಾರಿಂದಲಾದರೂ ಓದಿಸಿ. ಬೀಟಾಮೆಥಸೋನ್ ಅಥವಾ ಕ್ಲೊಬೆಟಸಾಲ್ ಎಂದಿದ್ದರೆ ಅದು ಸ್ಟೆರಾಯ್ಡ್. ಹಚ್ಚಿದಾಗ ತಂಪೆನಿಸುತ್ತದೆ, ಆದರೆ ಮೊದಲೇ ತೆಳುವಾಗಿರುವ ಚರ್ಮವನ್ನು ಇನ್ನೂ ತೆಳು ಮಾಡುತ್ತದೆ. ಸ್ವಲ್ಪ ದಿನ ತಣ್ಣಗಾಗಿ ಮತ್ತೆ ಶುರುವಾಗುವುದಕ್ಕೆ ಇದೇ ಕಾರಣವಿರಬಹುದು.

ಪ್ರತಿ ಗಿರಾಕಿ ಹೋದ ಮೇಲೆ ಡೆಟಾಲ್, ಸಾಬೂನು ಹಾಕಿ ಒಳಗೆ ತೊಳೆಯುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಹೊರಭಾಗವನ್ನು ಬರೀ ನೀರಿನಿಂದ ತೊಳೆದರೆ ಸಾಕು. ಒಳಗೆ ತೊಳೆಯುವುದರಿಂದ ರೋಗ ತಡೆಯುವುದಿಲ್ಲ, ಉಳಿದಿರುವ ಅಲ್ಪಸ್ವಲ್ಪ ಆಮ್ಲವೂ ಹೋಗುತ್ತದೆ. ಇನ್ನು ಪಟಿಕದ ವಿಷಯ. ಇಲ್ಲಿನ ಮರಾಠಿಯವರು ತುರಟಿ ಎನ್ನುವ ಆ ಪಟಿಕದ ನೀರನ್ನು, ಮಾಚಿಕಾಯಿಯ ಪುಡಿಯನ್ನು, ಈಗೀಗ ‘ಬಿಗಿ ಮಾಡುವ’ ಜೆಲ್‌ಗಳನ್ನು ವಯಸ್ಸಾದವರಿಗೇ ಹೆಚ್ಚಾಗಿ ಮಾರುತ್ತಾರೆ, ಏಕೆಂದರೆ ಗಿರಾಕಿ ಕಡಿಮೆಯಾಗುವ ಹೆದರಿಕೆ ನಮಗೇ ಹೆಚ್ಚು. ಅವೆಲ್ಲ ಒಳಪದರವನ್ನು ಒಣಗಿಸಿ ಸುಕ್ಕುಗಟ್ಟಿಸುತ್ತವೆ. ಬಿರುಕು ಬಿಡುವುದು, ರಕ್ತ ಬರುವುದು, ಕಾಂಡೋಮ್ ಹರಿಯುವುದು ಎಲ್ಲ ಅದರಿಂದ ಹೆಚ್ಚುತ್ತವೆ. ಬಿರುಕಿನ ಮೂಲಕ ಎಚ್‌ಐವಿ ಒಳಹೋಗುವುದು ಸುಲಭ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ತಕ್ಷಣದ ಉಪಶಮನಕ್ಕೆ ಬೇಕಾದದ್ದು ನೀರಿನ ಆಧಾರದ ಅಥವಾ ಸಿಲಿಕೋನಿನ ಜಾರಕ, ಅಂದರೆ ನಾವು ಜೆಲ್ಲಿ ಎನ್ನುವುದು. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಮುಖಕ್ಕೆ ಹಚ್ಚುವ ಕ್ರೀಮ್ ಇವು ಲೇಟೆಕ್ಸ್ ಕಾಂಡೋಮಿಗೆ ಶತ್ರುಗಳು. ಖನಿಜ ತೈಲ ಒಂದೇ ನಿಮಿಷ ತಗಲಿದರೂ ಲೇಟೆಕ್ಸಿನ ಬಲ ಸುಮಾರು 90 ಶೇಕಡಾ ಕುಗ್ಗುತ್ತದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಉಗುಳು ಬೇಗ ಒಣಗುತ್ತದೆ, ಅದನ್ನು ನಂಬಬೇಡಿ. ನೀರಿನ ಜೆಲ್ಲಿಯಲ್ಲೂ ವ್ಯತ್ಯಾಸವಿದೆ: ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಹೆಚ್ಚಾಗಿರುವವು ಒಳಪದರದಿಂದಲೇ ನೀರು ಹೀರುತ್ತವೆ, ಆಮೇಲೆ ಉರಿಸುತ್ತವೆ, ಸುವಾಸನೆಯವು ಮತ್ತು ಬಿಸಿ-ತಂಪು ಅನುಭವ ಕೊಡುವವು ನಿಮಗೆ ಬೇಡವೇ ಬೇಡ. ಗಿರಾಕಿ ಬರುವ ಮೊದಲೇ ಬಚ್ಚಲಿಗೆ ಹೋದಾಗ ಒಳಗೆ ಹಚ್ಚಿಕೊಂಡು ಬಂದರೆ ಅವನಿಗೆ ವಿವರಿಸುವ ಅಗತ್ಯವೇ ಬರುವುದಿಲ್ಲ, ಮತ್ತು ಕಾಂಡೋಮ್ ಹಾಕಿದ ಮೇಲೆ ಅದರ ಹೊರಗೂ ಸ್ವಲ್ಪ ಹಚ್ಚಿ. ಹರಿಯುವ ಭಯಕ್ಕೆ ಎರಡು ಕಾಂಡೋಮ್ ಒಟ್ಟಿಗೆ ಹಾಕಿಸುವುದು ಬೇಡ, ಒಂದಕ್ಕೊಂದು ಉಜ್ಜಿ ಎರಡೂ ಹರಿಯಬಹುದು. ಹರಿದೇ ಹೋದರೆ 72 ಗಂಟೆಗಳೊಳಗೆ, ಆದಷ್ಟು ಬೇಗ, ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ ಔಷಧ) ಕೇಂದ್ರಕ್ಕೆ ಹೋಗಿ ಎಚ್‌ಐವಿ ತಡೆಯುವ 28 ದಿನಗಳ ಮಾತ್ರೆಯ ಬಗ್ಗೆ ಕೇಳಿ.

ಜೆಲ್ಲಿ ಆ ಹೊತ್ತಿನ ನೋವನ್ನು ತಪ್ಪಿಸುತ್ತದೆ, ತೆಳುವಾದ ಪದರವನ್ನು ದಪ್ಪ ಮಾಡುವುದಿಲ್ಲ. ಅದಕ್ಕೆ ಯೋನಿಯೊಳಗೇ ಹಚ್ಚುವ ಈಸ್ಟ್ರೋಜನ್ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು ಈಸ್ಟ್ರಿಯಾಲ್ ಕ್ರೀಮನ್ನು. ವಾಡಿಕೆಯ ಪ್ರಮಾಣ ಒಂದು ಸಲಕ್ಕೆ 0.5 ಮಿಲಿಗ್ರಾಂ, ಕೊಳವೆಯ ಜೊತೆ ಬರುವ ಸಾಧನದ ಗುರುತಿನವರೆಗೆ ತುಂಬಿ, ಮೊದಲ ಎರಡು-ಮೂರು ವಾರ ದಿನವೂ, ಆಮೇಲೆ ವಾರಕ್ಕೆರಡು ಸಲ. ಎರಡು-ಮೂರು ವಾರಕ್ಕೆ ವ್ಯತ್ಯಾಸ ಗೊತ್ತಾಗಲು ಶುರುವಾಗಿ, ಪೂರ್ತಿ ಫಲಕ್ಕೆ ಮೂರು ತಿಂಗಳವರೆಗೂ ಬೇಕಾಗಬಹುದು. ನಿಲ್ಲಿಸಿದರೆ ಒಣಗುವಿಕೆ ಮರಳುತ್ತದೆ. ರಕ್ತಕ್ಕೆ ಸೇರುವುದು ತೀರ ಕಡಿಮೆಯಾದ್ದರಿಂದ ನುಂಗುವ ಹಾರ್ಮೋನ್ ಮಾತ್ರೆಯ ಬಗ್ಗೆ ಕೇಳಿಬರುವ ಭಯಗಳನ್ನೆಲ್ಲ ಇದಕ್ಕೆ ಅಂಟಿಸಬೇಕಿಲ್ಲ. ಆದರೆ ಸ್ತನ ಕ್ಯಾನ್ಸರ್ ಆಗಿದ್ದವರು ಮತ್ತು ಕಾರಣ ತಿಳಿಯದ ರಕ್ತಸ್ರಾವ ಇರುವವರು ವೈದ್ಯರು ನೋಡುವವರೆಗೆ ಮುಟ್ಟಬಾರದು, ಅಂದರೆ ಸದ್ಯಕ್ಕೆ ನೀವೂ ಕೂಡ. ಕ್ರೀಮುಗಳಲ್ಲಿ ಎಣ್ಣೆಯ ಅಂಶ ಇರಬಹುದಾದ್ದರಿಂದ ಅದನ್ನು ಕೆಲಸಕ್ಕೆ ಮೊದಲು ಹಚ್ಚಬಾರದು. ಕೊನೆಯ ಗಿರಾಕಿ ಹೋದ ಮೇಲೆ, ಮಲಗುವ ಹೊತ್ತಿಗೆ ಹಚ್ಚಿ. ರಾತ್ರಿಯಿಡೀ ಕೆಲಸವಿದ್ದರೆ ಬೆಳಗಿನ ನಿದ್ದೆಗೆ ಮುಂಚೆ ಹಚ್ಚಿದರಾಯಿತು. ಹಾರ್ಮೋನು ಬೇಡವೆನ್ನುವವರಿಗೆ ಎರಡು-ಮೂರು ದಿನಕ್ಕೊಮ್ಮೆ ಹಚ್ಚುವ ಹಯಲುರಾನಿಕ್ ಆಮ್ಲದ ಜೆಲ್‌ಗಳೂ ಇವೆ. ಪದೇಪದೇ ಉರಿಮೂತ್ರ ಆಗುವವರಿಗೂ ಈಸ್ಟ್ರಿಯಾಲ್‌ನಿಂದ ಅನುಕೂಲವಾಗುತ್ತದೆ. ಗಿರಾಕಿಯ ನಂತರ ಮೂತ್ರ ಮಾಡಿ, ಬಚ್ಚಲು ದೂರವೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ.

ಬೆವರು ಮತ್ತು ಬಿಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರಾಸರಿ ಏಳು ವರ್ಷ ಇರುತ್ತದೆ ಎನ್ನುತ್ತಾರೆ. ಕಿಟಕಿಯಿಲ್ಲದ ಖೋಲಿ, ಮದ್ಯ, ಸಿಗರೇಟು, ಖಾರ, ನಿದ್ದೆಗೆಡುವುದು ಇವು ಅದನ್ನು ಹೆಚ್ಚಿಸುತ್ತವೆ. ಗಿರಾಕಿಯ ಜೊತೆ ಕುಡಿಯಬೇಕಾದ ಕಡೆ ಗ್ಲಾಸಿನಲ್ಲಿ ಬರೀ ಸೋಡಾ ಇಟ್ಟುಕೊಳ್ಳುವ ಉಪಾಯ ನಿಮಗೂ ಗೊತ್ತಿರುತ್ತದೆ. ನಿದ್ದೆಯೇ ಹಾಳಾಗಿದ್ದರೆ ಅದಕ್ಕೂ ಮಾತ್ರೆಗಳಿವೆ, ಹಾರ್ಮೋನಿನವೂ ಇವೆ, ಅಲ್ಲದವೂ ಇವೆ. ಎಆರ್‌ಟಿ ತೆಗೆದುಕೊಳ್ಳುವವರು ಅದನ್ನು ಹೇಳಿಯೇ ಔಷಧ ಬರೆಸಿಕೊಳ್ಳಬೇಕು, ಕೆಲವು ಒಂದಕ್ಕೊಂದು ಹೊಂದುವುದಿಲ್ಲ.

ವೃತ್ತಿ ಮುಂದುವರಿಸಬಹುದು, ಉರಿಯ ಮೇಲೆ ಉರಿ ಮಾಡಿಕೊಂಡು ಮಾತ್ರ ಅಲ್ಲ. ಕ್ರೀಮ್ ಶುರು ಮಾಡಿದ ಮೊದಲ ವಾರಗಳಲ್ಲಿ ಸಾಧ್ಯವಿದ್ದಷ್ಟು ಕಡಿಮೆ ಗಿರಾಕಿಗಳನ್ನು ನೋಡಿ; ಕುಡಿದು ಬಂದವನನ್ನು, ಹೆಚ್ಚು ಹೊತ್ತು ತೆಗೆದುಕೊಳ್ಳುವವನನ್ನು ಬಿಟ್ಟುಬಿಡಿ; ಕೈಯಿಂದ ಮುಗಿಯುವ ಕೆಲಸಕ್ಕೆ ಒಪ್ಪುವ ಹಳೆಯ ಗಿರಾಕಿಗಳಿದ್ದರೆ ಅವರನ್ನು ಉಳಿಸಿಕೊಳ್ಳಿ. ಘರವಾಲಿಗೆ, ಅಂದರೆ ಕೋಠಿ ನಡೆಸುವವಳಿಗೆ, ಕಮಿಷನ್ ಕೊಡಬೇಕಾದವರಿಗೆ ಇದು ಹೇಳಿದಷ್ಟು ಸುಲಭವಲ್ಲವೆಂದು ನನಗೆ ಗೊತ್ತಿದೆ. ಮುಟ್ಟು ಹಿಂದೆಮುಂದಾಗುವ ಈ ಕಾಲದಲ್ಲಿ ರಕ್ತ ತಡೆಯಲು ಒಳಗೆ ಹತ್ತಿ, ಸ್ಪಂಜು ಇಟ್ಟು ಕೆಲಸ ಮಾಡುವವರು ಅದನ್ನು ಒಳಗೇ ಮರೆಯುವುದುಂಟು. ದುರ್ವಾಸನೆಯ ಸೆರಗು ಬಂದರೆ ಮೊದಲು ಅದನ್ನೇ ಅನುಮಾನಿಸಬೇಕು. ಮುಟ್ಟು ತಪ್ಪಿದರೆ ಬಸಿರಿನ ಪರೀಕ್ಷೆಯನ್ನೂ ಮಾಡಿಸಿ. 50ರೊಳಗೆ ನಿಂತವರಿಗೆ ಕೊನೆಯ ಮುಟ್ಟಿನ ನಂತರ ಎರಡು ವರ್ಷ, 50 ದಾಟಿದವರಿಗೆ ಒಂದು ವರ್ಷ ಗರ್ಭನಿರೋಧದ ಅಗತ್ಯ ಇದ್ದೇ ಇರುತ್ತದೆ. ಕಾಂಡೋಮ್ ಅಂತೂ ಅದರಾಚೆಗೂ ಬೇಕು.

ರಕ್ತದ ಕಲೆ ಒಣಗುವಿಕೆಯಿಂದ ಬಂದದ್ದೇ ಇರಬಹುದು. ಆದರೆ ಸಂಬಂಧದ ನಂತರ ಬರುವ ರಕ್ತ ಗರ್ಭಕೊರಳಿನ ಕ್ಯಾನ್ಸರಿನ ಲಕ್ಷಣವೂ ಹೌದು, ಮತ್ತು ಮುಟ್ಟು ಪೂರ್ತಿ ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ಗರ್ಭಕೋಶವನ್ನು ಪರೀಕ್ಷಿಸಲೇಬೇಕು. ಶಿಬಿರಗಳಲ್ಲಿ ಮಾಡುವ ವಿನೆಗರ್ ಹಚ್ಚಿ ನೋಡುವ ಪರೀಕ್ಷೆ ನಮ್ಮ ವಯಸ್ಸಿನವರಿಗೆ ಅಷ್ಟು ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಮುಟ್ಟು ನಿಂತ ಮೇಲೆ ನೋಡಬೇಕಾದ ಭಾಗ ಒಳಕ್ಕೆ ಸರಿದಿರುತ್ತದೆ. ಗರ್ಭಕೊರಳಿನಿಂದ ಸ್ವಲ್ಪ ಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಪರೀಕ್ಷೆಯನ್ನು, ಅಥವಾ ಈ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆಯನ್ನೇ ಕೇಳಿ. ಪುಣೆಯಲ್ಲಿದ್ದರೆ ಸಸೂನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಬಹುದು. ಒಳಗೆ ಹೋದಾಗ ‘ಉರಿ ಇದೆ’ ಎಂದಷ್ಟೇ ಹೇಳದೆ, ಮುಟ್ಟು ಯಾವಾಗಿನಿಂದ ತಪ್ಪುತ್ತಿದೆ, ರಕ್ತ ಯಾವಾಗ ಕಾಣಿಸುತ್ತದೆ, ಈವರೆಗೆ ಯಾವ ಕಿಟ್ ತೆಗೆದುಕೊಂಡಿದ್ದೀರಿ ಎಂದು ಹೇಳಿ, ಒಳಗೆ ನೋಡಿಯೇ ಔಷಧ ಬರೆಯಿರಿ ಎಂದು ಕೇಳಿ. ವೃತ್ತಿಯನ್ನು ಹೇಳುವುದೋ ಬಿಡುವುದೋ ನಿಮ್ಮ ಇಷ್ಟ. ಹೇಳಿದರೆ ಸರಿಯಾದ ಪರೀಕ್ಷೆಗಳು ಬೇಗ ಆಗುತ್ತವೆ ಎಂಬುದು ನನ್ನ ಅನುಭವ, ಮುಖ ಸಿಂಡರಿಸುವವರೂ ಸಿಗುತ್ತಾರೆ ಎಂಬುದೂ ನನ್ನ ಅನುಭವ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸಿದೆ. ಪ್ಯಾಪ್ ಪರೀಕ್ಷೆಗೆ ಮುಂಚಿನ ಎರಡು ದಿನ ಸಂಬಂಧ, ಕ್ರೀಮ್, ಒಳಗೆ ತೊಳೆಯುವುದು ಯಾವುದೂ ಇರಬಾರದು. ಅದಕ್ಕಾಗಿ ದುಡಿಮೆ ನಿಲ್ಲಿಸುವುದು ಕಷ್ಟವಾದರೆ, ಮುಂದಿನ ಸಲ ಊರಿಗೆ ಹೋದವರು ಮರಳಿದ ಮರುದಿನ ಬೆಳಿಗ್ಗೆಯೇ, ಕೋಠಿಯಲ್ಲಿ ಕೆಲಸ ಶುರುವಾಗುವ ಮೊದಲು, ಆಸ್ಪತ್ರೆಯ ಚೀಟಿ ಮಾಡಿಸಿ.