ಕಾಸರಗೋಡಿನ ಸುರಂಗಗಳಲ್ಲಿ ಪಂಪ್ ಇಲ್ಲದೆ ನೀರು ಹೇಗೆ ಬರುತ್ತದೆ?

ಗಣಿಯಲ್ಲಿ ನೀರು ಬಂದರೆ ತೊಂದರೆ. ಆದರೆ ನಮ್ಮ ಕಾಸರಗೋಡಿನ ಬಾಯಾರು, ಪಡ್ರೆ ಊರುಗಳ ಕಡೆ ನೀರಿಗೋಸ್ಕರವೇ ಗುಡ್ಡ ಕೊರೆಯುತ್ತಾರೆ, ಅದೇ ಸುರಂಗ. ಇಲ್ಲಿನ ಗುಡ್ಡಗಳ ಮೇಲ್ಪದರ ಮುರಕಲ್ಲು (ಲ್ಯಾಟರೈಟ್ ಎನ್ನುವ ಕೆಂಪು ಕಲ್ಲು), ಮೈತುಂಬ ತೂತು. ಮಳೆನೀರು ಅದರೊಳಗೆ ಇಳಿದು ಕೆಳಗಿನ ಶೇಡಿಮಣ್ಣಿನ (ಮೆತ್ತನೆಯ ಜೇಡಿಮಣ್ಣಿನ) ಮೇಲೆ ನಿಲ್ಲುತ್ತದೆ. ಶೇಡಿ ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದರೆ ಆ ನೀರು ಜಿನುಗುತ್ತದೆ. ಸುರಂಗದ ನೆಲ ಒಳಗೆ ಹೋದಂತೆ ಚೂರು ಏರಿರುತ್ತದೆ. ಹಾಗಾಗಿ ನೀರು ತಾನಾಗಿಯೇ ಹೊರಗೆ ಹರಿಯುತ್ತದೆ, ಪಂಪ್ ಯಾಕೆ ಬೇಕು ಅಲ್ವಾ?

ಅಗಲ ಬರೀ 2ರಿಂದ 2.5 ಅಡಿ. ಒಬ್ಬರು ಪಿಕ್ಕಾಸಿನಲ್ಲಿ ಅಗೆಯುತ್ತಾರೆ, ಇನ್ನೊಬ್ಬರು ಮಣ್ಣು ಹೊರುತ್ತಾರೆ. ಪಕ್ಕದಲ್ಲಿ ಮೇಣದಬತ್ತಿ ಉರಿಯುತ್ತಿರುತ್ತದೆ. ಅದು ಮಂಕಾದರೆ ಗಾಳಿ ಸಾಲದು ಎಂದರ್ಥ, ಕೂಡಲೇ ಹೊರಗೆ ಬರಬೇಕು. ಮುರಕಲ್ಲು ಗಟ್ಟಿಯಿದ್ದರೆ ಆಧಾರ ಬೇಡ. ಶೇಡಿ ಸಿಕ್ಕಿದ ಕಡೆ ಕುಸಿಯುವ ಭಯ ಜಾಸ್ತಿ.