ಔಷಧಿ ಡಬ್ಬಿ ಸುರುವಿ ನೋಡಿದ್ರಾ?

ಪ್ರಶ್ನೆ: ಸಿಸ್ಟರಮ್ಮನವರೇ, ನಮ್ಮೂರು ಸಿರುಗುಪ್ಪ. ಅಪ್ಪನಿಗೆ 79, ನಿವೃತ್ತ ಮೇಷ್ಟ್ರು, ಬಿಪಿ-ಶುಗರ್ ಎರಡೂ ಇವೆ. ಅವ್ವನಿಗೆ ಮರೆವು ಶುರುವಾಗಿದೆ, ಒಲೆ ಮೇಲೆ ಹಾಲಿಟ್ಟು ಪಕ್ಕದ ಮನೆಗೆ ಹೋಗಿಬಿಡುತ್ತಾಳೆ. ನಾನು ಬೆಂಗಳೂರಲ್ಲಿ, ಅಣ್ಣ ಪುಣೆಯಲ್ಲಿ. ಹೋದ ತಿಂಗಳು ಅಪ್ಪ ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದರು, ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಬಳ್ಳಾರಿಯ ಒಬ್ಬರು ‘ಕೇರ್ ಮ್ಯಾನೇಜರ್’ ಅಂತೆ, ವಾರಕ್ಕೊಮ್ಮೆ ಬಂದು ಎಲ್ಲ ನೋಡಿಕೊಳ್ಳುತ್ತೇನೆ ಅನ್ನುತ್ತಾರೆ. ‘ಆ ದುಡ್ಡಿಗೆ ದಿನಪೂರ್ತಿ ಇರೋ ಹೆಣ್ಣುಮಗಳೇ ಸಿಗ್ತಾಳೆ’ ಅನ್ನುತ್ತಾನೆ ಅಣ್ಣ. ಯಾರ ಮಾತು ಸರಿ?

ಉತ್ತರ: ತಂಗೀ, ಅಣ್ಣ ಹೇಳುವ ಹೆಣ್ಣುಮಗಳು ಬೇಕೇ ಬೇಕು. ಆದರೆ ಅವಳಿಗೆ ಏನು ಮಾಡಬೇಕು ಅಂತ ಹೇಳಿಕೊಡುವವರು ಯಾರು? ಅದೇ ಕೇರ್ ಮ್ಯಾನೇಜರ್ ಕೆಲಸ.

ಕುರುಗೋಡು ಕಡೆಯ ಒಂದು ಮನೆಗೆ ಹೋಗಿದ್ದೆ. ಅಲ್ಲಿಯ ಯಜಮಾನರೂ ನಿಮ್ಮ ಅಪ್ಪನ ಹಾಗೇ ರಾತ್ರಿ ಎರಡು ಸಲ ಬಿದ್ದಿದ್ದರು. ಅವರ ಮಾತ್ರೆಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಮಂಚದ ಮೇಲೆ ಪೇಪರ್ ಹಾಸಿ ಡಬ್ಬಿ ಸುರುವಿದೆ. ಒಂದು ಬೆಳ್ಳಿ ಬಣ್ಣದ ಪಟ್ಟಿ, ಒಂದು ನೀಲಿ. ಹೆಸರು ಬೇರೆ ಬೇರೆ. ಕನ್ನಡಕ ಹಾಕಿಕೊಂಡು ಕೆಳಗಿನ ಸಣ್ಣ ಅಕ್ಷರ ಓದಿದರೆ ಎರಡೂ ಟೆಲ್ಮಿಸಾರ್ಟಾನ್ 40, ಒಂದೇ ಬಿಪಿ ಔಷಧಿ! ಒಂದನ್ನು ಬಳ್ಳಾರಿ ಡಾಕ್ಟರ್ ಬರೆದದ್ದು, ಇನ್ನೊಂದು ಮಗಳ ಮನೆಗೆ ಹೋದಾಗ ಹೈದರಾಬಾದಿನವರು ಬರೆದದ್ದು. ಇವರು ಬರೆದದ್ದು ಅವರಿಗೆ ಗೊತ್ತಿಲ್ಲ. ಇವೆರಡರ ಜೊತೆ ರಾತ್ರಿ ಪ್ರಾಸ್ಟೇಟ್ ಮಾತ್ರೆ, ಅದೂ ಬಿಪಿ ಇಳಿಸುವಂಥದ್ದೇ. ಮನೆಯಲ್ಲಿ ನೋಡಿಕೊಳ್ಳುತ್ತಿದ್ದಾಕೆ ಬಲು ಪ್ರಾಮಾಣಿಕಳು. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ನುಂಗಿಸುತ್ತಿದ್ದಳು.

ಮಲಗಿದ್ದಾಗ ಬಿಪಿ ನೋಡಿದೆ, ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿದೆ. ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದಿತ್ತು. ಎದ್ದಾಗ ಬಿಪಿ ಅಷ್ಟು ಇಳಿದರೆ ತಲೆ ಸುತ್ತಿ ಬೀಳಬಹುದು. ಮಾತ್ರೆ ನಿಲ್ಲಿಸುವುದು ನನ್ನ ಕೆಲಸವಲ್ಲ. ಪಟ್ಟಿ ಬರೆದುಕೊಂಡು ಅವರನ್ನು ಡಾಕ್ಟರ್ ಹತ್ತಿರ ಕರೆದೊಯ್ದೆ, ಅವರೇ ಒಂದನ್ನು ಹೊಡೆದುಹಾಕಿದರು. ನೀವು ದುಡ್ಡು ಕೊಡಬೇಕಾದದ್ದು ಈ ಕೆಲಸಕ್ಕೆ. ಬಂದವರು ಮೊದಲ ದಿನ ಡಬ್ಬಿ ಸುರುವದೆ, ಚಹಾ ಕುಡಿದು ‘ಅಜ್ಜಾರು ಆರಾಮ ಅದಾರ’ ಅಂತ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ಅವರನ್ನು ಬಿಡಿ.

ಅಮೆರಿಕದಲ್ಲಿ 1985ರಲ್ಲೇ ಈ ವೃತ್ತಿಯವರ ಸಂಘ ಹುಟ್ಟಿತು. ನಮ್ಮಲ್ಲಿ ಬೋರ್ಡು ಹಾಕಿಕೊಂಡವರೆಲ್ಲ ಮ್ಯಾನೇಜರೇ. ಹಾಗಾಗಿ ಮುಲಾಜಿಲ್ಲದೆ ಕೇಳಿ: ಮೊದಲು ಏನು ಕೆಲಸ ಮಾಡುತ್ತಿದ್ದಿರಿ? ಲ್ಯಾಬು, ಆಸ್ಪತ್ರೆ, ಏಜೆನ್ಸಿಗಳಿಂದ ಕಮಿಷನ್ ಬರುತ್ತದಾ? ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ನೀವೋ, ಬೇರೆಯವರೋ? ಕಮಿಷನ್ ಮಾತಿಗೆ ನಕ್ಕು ಸುಮ್ಮನಾದರೆ ಉತ್ತರ ಸಿಕ್ಕಿತು ಅನ್ನಿ. ಇನ್ನೊಂದು, ಯಾವಾಗಲೂ ಬೆಳಗ್ಗೆ ಹನ್ನೊಂದಕ್ಕೇ ಬರಬೇಡಿ ಅನ್ನಿ. ಆ ಹೊತ್ತಿಗೆ ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿ ಕೂತಿರುತ್ತಾರೆ. ಸ್ನಾನದ ಹೊತ್ತಿಗೆ ಇಲ್ಲವೇ ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಬರಲಿ, ಬಚ್ಚಲಿನ ಹೊಸ್ತಿಲು, ಪಾಚಿ, ಬಲ್ಬು ಎಲ್ಲ ಕಣ್ಣಿಗೆ ಬೀಳುತ್ತವೆ.

ಅವ್ವನ ಮರೆವನ್ನು ‘ವಯಸ್ಸಾಯ್ತು’ ಅಂತ ಬಿಡಬೇಡಿ. ಥೈರಾಯ್ಡ್, ಬಿ12 ನೋಡಿಸಿ, ಕಿವಿಯನ್ನೂ ನೋಡಿಸಿ. ನಮ್ಮ ಬಿಸಿಲಿಗೆ ನೀರು ಕಮ್ಮಿಯಾದರೂ, ಉರಿಮೂತ್ರವಾದರೂ ವಯಸ್ಸಾದವರು ಎರಡೇ ದಿನದಲ್ಲಿ ಗಲಿಬಿಲಿಯಾಗಿಬಿಡುತ್ತಾರೆ. ಹಾಗೆ ದಿಢೀರನೆ ಆದರೆ ಅದು ಮರೆವಿನ ಕಾಯಿಲೆಯಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕಾದ ವಿಷಯ. ಒಲೆಯನ್ನಂತೂ ಅವ್ವನಿಂದ ಪೂರ್ತಿ ಕಿತ್ತುಕೊಳ್ಳಬೇಡಿ. ಐವತ್ತು ವರ್ಷ ರೊಟ್ಟಿ ಬಡಿದ ಕೈ. ಗ್ಯಾಸ್ ಹಚ್ಚುವುದು, ಆರಿಸುವುದು ಆ ಹೆಣ್ಣುಮಗಳ ಕೆಲಸ, ರೊಟ್ಟಿ ಬಡಿಯುವುದು ಅವ್ವನದೇ ಇರಲಿ.

ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಗಂಗಾವತಿಯಲ್ಲಿ ನನ್ನ ತಾಯಿ ಹಾಸಿಗೆ ಹಿಡಿದಾಗ ಒಂದು ಏಜೆನ್ಸಿ ಇಪ್ಪತ್ತು ದಿನದಲ್ಲಿ ಮೂವರನ್ನು ಬದಲಿಸಿತು. ಪ್ರತಿಯೊಬ್ಬಳೂ ‘ಯಾವ ಗುಳಿಗಿ ಯಾವಾಗ?’ ಅಂತ ತಾಯಿಯನ್ನೇ ಕೇಳುತ್ತಿದ್ದಳು, ತಾಯಿ ನೆನಪಾದದ್ದು ಹೇಳುತ್ತಿದ್ದಳು. ಮೂವತ್ತು ವರ್ಷ ವಾರ್ಡಿನಲ್ಲಿ ಡ್ಯೂಟಿ ಬದಲಾದಾಗಲೆಲ್ಲ ಬರೆದಿಟ್ಟು ಬಂದವಳು, ಸ್ವಂತ ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿರಲಿಲ್ಲ. ಬೆನ್ನಿಗೆ ಹುಣ್ಣಾದ ಮೇಲೆ ಇಟ್ಟೆ. ಎರಡು ತಾಸಿಗೊಮ್ಮೆ ಮಗ್ಗಲು ತಿರುಗಿಸಿದ್ದನ್ನು ಅದರಲ್ಲಿ ಬರೆಯಬೇಕಿತ್ತು. ನೀವು ಈ ವಾರವೇ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬನ್ನಿ, ಇನ್ನೂರು ಪುಟದ ಪುಸ್ತಕಕ್ಕೆ ದಾರದಲ್ಲಿ ಪೆನ್ನು ಕಟ್ಟಿ ಗೋಡೆಗೆ ತೂಗುಹಾಕಿ. ಮ್ಯಾನೇಜರ್ ಇದ್ದರೂ ಅದು ಬೇಕು. ದುಡ್ಡು ಅಣ್ಣನದೋ ನಿಮ್ಮದೋ, ಆಸ್ಪತ್ರೆಯಲ್ಲಿ ಸಹಿ ಯಾರದು, ಇದನ್ನೂ ಈಗಲೇ ತೀರ್ಮಾನಿಸಿಕೊಳ್ಳಿ. ಐಸಿಯು ಬಾಗಿಲಲ್ಲಿ ಜಗಳವಾಡಿದ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಸಾಯೋತನಕ ನೋಡಿಕೊಳ್ಳಬೇಕು ಅಂತ ಬರೆಸಿ ಮಗನಿಗೆ ಮೂರು ವರ್ಷದ ಹಿಂದೆ ಮನೆ ದಾನಪತ್ರ ಮಾಡಿಕೊಟ್ಟೆ. ಈಗ ಊಟಕ್ಕೂ ಕೇಳಬೇಕು. ಕೊಟ್ಟಿದ್ದು ಹೋಯಿತೇ? – ಕೊಪ್ಪಳದ ತಾಯಿ

ಉತ್ತರ: ಹೋಗಿಲ್ಲಮ್ಮ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ನಿಮ್ಮಂಥವರಿಗೇ ಇದೆ. ಪತ್ರದಲ್ಲಿ ಆ ಷರತ್ತು ಬರೆಸಿದ್ದು ಜಾಣತನ. ಮಗ ಅದನ್ನು ಮುರಿದಿದ್ದರೆ ದಾನಪತ್ರ ರದ್ದು ಮಾಡಿ ಅಂತ ಉಪವಿಭಾಗಾಧಿಕಾರಿಗೆ, ಅದೇ ಎಸಿ ಸಾಹೇಬರಿಗೆ, ಅರ್ಜಿ ಕೊಡಿ. ಜೀವನಾಂಶವನ್ನೂ ಕೇಳಬಹುದು. ದಾನಪತ್ರದ ನಕಲು, ಆಧಾರ್ ಜೊತೆಗಿರಲಿ. ಬರೆಯಲು ಬಾರದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ಬೆಳಗ್ಗೆ ಎಂಟರಿಂದ ರಾತ್ರಿ ಎಂಟರ ತನಕ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ. ಮಗನ ಫೋನಿನಿಂದ ಮಾತ್ರ ಮಾಡಬೇಡಿ.